ದೋಷಸಂಕೇತವೂ ದೋಷಾರೋಪಣೆಯೂ

೧

ಪಾತ್ರೆಗಳನ್ನು ತೊಳೆಯುವ ಯಂತ್ರವು ನಮ್ಮ ದೇಶದ ಅಡಿಗೆಮನೆಗಳಿಗೆ ಬಂದು ಬಹುಕಾಲವಾಗಿಲ್ಲ. ೨೦೨೦ನೆಯ ಇಸವಿಯಲ್ಲಿ ಕೊರೋನಾ ವ್ಯಾಧಿಯ ದಿಗ್ಬಂಧನದಿಂದ ಮನೆಗೆಲಸದವರು ಬರುವುದು ನಿಂತಾಗ ಪಟ್ಟಣವಾಸಿಗಳು ಇದನ್ನು ಹೆಚ್ಚಾಗಿ ಕೊಳ್ಳತೊಡಗಿದರು. ಬೆಳಗಾಗುವ ಮುನ್ನ ಮಾರಿಕುಪ್ಪಂ ರೈಲನ್ನು ಹತ್ತಿ, ಬೆಂಗಳೂರಿನಲ್ಲಿ ದುಡಿದು, ರಾತ್ರಿ ಹಿಂದಿರುಗುವ ಸಂಸಾರಗಳು ಹಲವಾಗಿರುವ ನಮ್ಮ ರಾಬರ್ಟ್‌ಸನ್‌ಪೇಟೆಯಲ್ಲಿಯೂ ಈಗ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಇದನ್ನು ಕಾಣಬಹುದು. ಜನರು ಇದನ್ನು ಡಿಶ್‌ವಾಷರ್ ಎಂದೇ ಕರೆಯುತ್ತಾರೆ.

ಈ ಯಂತ್ರದಲ್ಲಿ ವಿಚಾರಕ್ಕೆ ಯೋಗ್ಯವಾದ ಒಂದು ಗುಣವುಂಟು. ನಮ್ಮ ಹಿರಿಯರು ಬಳಸಿದ ಒರಳು, ಬೀಸುವ ಕಲ್ಲು, ರಾಟೆ ಮೊದಲಾದವು ಕೆಟ್ಟರೆ ಸುಮ್ಮನೆ ಕೆಡುತ್ತಿದ್ದುವು. ಏನಾಯಿತೆಂಬುದನ್ನು ಬಳಸುವವರೇ ನೋಡಿ ತಿಳಿಯಬೇಕಾಗಿತ್ತು. ಈ ಯಂತ್ರವಾದರೋ ನಡುವೆ ನಿಂತುಹೋದಾಗ ತನ್ನ ಮುಖದಲ್ಲಿ ಒಂದೆರಡು ಅಕ್ಷರಗಳನ್ನೋ ಅಂಕಿಗಳನ್ನೋ ಬೆಳಗಿಸಿ, ನಿಂತುದರ ಕಾರಣವನ್ನು ತಾನೇ ಹೇಳುವಂತೆ ತೋರುತ್ತದೆ. ಇದಕ್ಕೆ ಎರರ್ ಕೋಡ್ ಎಂದು ಹೆಸರು. ದೋಷಸಂಕೇತವೆಂದು ನಾವು ಕರೆಯೋಣ. ಈ ಸಂಕೇತವು ನಿಜವಾಗಿ ಏನನ್ನು ತಿಳಿಸುತ್ತದೆ? ಅದನ್ನು ಓದಿದ ಮಾತ್ರದಿಂದ ಮತ್ತೊಬ್ಬರ ಮೇಲೆ ತಪ್ಪು ಹೊರಿಸುವ ಅಧಿಕಾರ ನಮಗೆ ಬರುತ್ತದೆಯೆ? ಇವೆರಡೇ ಈ ಲೇಖನದ ಪ್ರಶ್ನೆಗಳು. ವಿಷಯವು ಅಡಿಗೆಮನೆಯದೆಂದು ವಾಚಕರು ಉಪೇಕ್ಷಿಸಬಾರದು. ಒಬ್ಬ ಬಡವಳ ಅನ್ನ ಇದರಲ್ಲಿ ಅಡಗಿರುವುದುಂಟು.

ಯಂತ್ರದ ಹುಟ್ಟಿನಲ್ಲಿಯೇ ದೋಷಾರೋಪಣೆಯ ಛಾಯೆಯಿದೆ. ಅಮೆರಿಕ ದೇಶದ ಇಲಿನಾಯ್ ಪ್ರಾಂತದ ಜೋಸೆಫೀನ್ ಕಾಕ್ರೇನ್ ಎಂಬ ಮಹಿಳೆಗೆ ೧೮೮೬ನೆಯ ಇಸವಿ ಡಿಸೆಂಬರಿನಲ್ಲಿ ಇದರ ಹಕ್ಕುಪತ್ರ ದೊರೆಯಿತು. ೧೮೯೩ರ ಷಿಕಾಗೋ ಮಹಾಪ್ರದರ್ಶನದಲ್ಲಿ ಆಕೆಯ ಯಂತ್ರವು ಪ್ರಸಿದ್ಧಿಗೆ ಬಂದಿತು. ತನ್ನ ಬೆಲೆಬಾಳುವ ಪಿಂಗಾಣಿಯ ತಟ್ಟೆಗಳ ಅಂಚನ್ನು ಸೇವಕರು ತೊಳೆಯುವಾಗ ಒಡೆಯುತ್ತಾರೆಂಬ ಬೇಸರದಿಂದಲೇ ಆಕೆ ಇದನ್ನು ಕಲ್ಪಿಸಿದಳೆಂದು ಹೇಳುತ್ತಾರೆ. ಸೇವಕರ ಕೈಯನ್ನು ನಂಬಲಾರದೆ ಮಾಡಿದ ಯಂತ್ರವು ಕೆಟ್ಟಾಗಲೂ ಮೊದಲ ಸಂಶಯವು ಸೇವಕರ ಕೈಯ ಮೇಲೆಯೇ ಹೋಗುವುದು ವಿಚಿತ್ರವಲ್ಲವೆ?

೨

ಸಂಕೇತವು ಏನನ್ನು ಹೇಳುತ್ತದೆಂಬುದನ್ನು ತಿಳಿಯಬೇಕಾದರೆ ಯಂತ್ರದ ವ್ಯಾಪಾರವನ್ನು ಸ್ವಲ್ಪ ತಿಳಿದಿರಬೇಕು. ಕೊಳಾಯಿಯಿಂದ ಒಂದು ರಬ್ಬರಿನ ಕೊಳವೆಯ ಮೂಲಕ ನೀರು ಬರುತ್ತದೆ. ವಿದ್ಯುತ್ತಿನಿಂದ ತೆರೆದು ಮುಚ್ಚುವ ಒಂದು ಬಾಗಿಲು ಅದನ್ನು ಒಳಕ್ಕೆ ಬಿಡುತ್ತದೆ. ಗಡಸು ನೀರಿನಲ್ಲಿರುವ ಸುಣ್ಣದ ಅಂಶವನ್ನು ಉಪ್ಪಿನ ಸಹಾಯದಿಂದ ಕಳೆಯುವ ಒಂದು ಕೋಣೆ ಅನೇಕ ಯಂತ್ರಗಳಲ್ಲಿರುತ್ತದೆ. ಕೊಳವೆಬಾವಿಯ ಗಡಸು ನೀರನ್ನು ನಂಬಿದ ನಮ್ಮ ಸೀಮೆಯಲ್ಲಿ ಉಪ್ಪು ಮುಗಿದರೆ ಗಾಜಿನ ಲೋಟಗಳ ಮೇಲೆ ಬಿಳಿಯ ಪೊರೆ ಕಟ್ಟುವುದು ಬೇಗನೆ ಕಾಣುತ್ತದೆ. ಆಮೇಲೆ ನೀರು ಕಾದು, ಒಂದು ಪಂಪಿನಿಂದ ತಿರುಗುವ ತೋಳುಗಳಿಗೆ ಏರಿ, ಅವುಗಳ ರಂಧ್ರಗಳಿಂದ ಪಾತ್ರೆಗಳ ಮೇಲೆ ಚಿಮ್ಮುತ್ತದೆ. ಕೊನೆಯಲ್ಲಿ ಮತ್ತೊಂದು ಪಂಪು ಕೊಳೆನೀರನ್ನು ಹೊರಕ್ಕೆ ತಳ್ಳುತ್ತದೆ. ತಳದಲ್ಲಿ ಒಂದು ತಟ್ಟೆಯೂ ಅದರಲ್ಲಿ ಹಗುರವಾದ ತೇಲುಬಿಲ್ಲೆಯೂ ಇರುತ್ತವೆ. ಎಲ್ಲಿಂದಲಾದರೂ ಸೋರಿದ ನೀರು ತಟ್ಟೆಯಲ್ಲಿ ಸೇರಿದರೆ ಬಿಲ್ಲೆಯು ಮೇಲಕ್ಕೆದ್ದು ಒಂದು ಸ್ವಿಚ್ಚನ್ನು ಒತ್ತುತ್ತದೆ, ಯಂತ್ರವು ನಿಲ್ಲುತ್ತದೆ.

ಈ ಸ್ಥಾನಗಳಲ್ಲೆಲ್ಲ ಯಂತ್ರಕ್ಕೆ ಚಿಕ್ಕ ಚಿಕ್ಕ ಇಂದ್ರಿಯಗಳಿವೆ. ನಿಯತವಾದ ಕಾಲದೊಳಗೆ ನೀರು ಬೇಕಾದ ಮಟ್ಟಕ್ಕೆ ಬರಲಿಲ್ಲವೆಂಬುದನ್ನು ಒಂದು ಇಂದ್ರಿಯವು ಅರಿಯುತ್ತದೆ. ಇಳಿಯಬೇಕಾದ ನೀರು ಇಳಿಯಲಿಲ್ಲವೆಂಬುದನ್ನು ಇನ್ನೊಂದು ಅರಿಯುತ್ತದೆ. ಎಲ್.ಜಿ. ಯಂತ್ರಗಳಲ್ಲಿ 'ಐ.ಇ.' ಎಂಬುದು ಮೊದಲನೆಯದಕ್ಕೂ 'ಓ.ಇ.' ಎಂಬುದು ಎರಡನೆಯದಕ್ಕೂ ಸಂಕೇತ. ಬಾಷ್ ಯಂತ್ರಗಳಲ್ಲಿ 'ಇ ೨೪' ಎಂದರೆ ಕೊಳೆನೀರು ಹೊರಟುಹೋಗುತ್ತಿಲ್ಲವೆಂದೂ 'ಇ ೧೫' ಎಂದರೆ ತಳದ ತಟ್ಟೆಯಲ್ಲಿ ನೀರು ಸೇರಿದೆಯೆಂದೂ ಅರ್ಥ. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ಸಮಯದಿಂದ, ಎಂದರೆ ಜನರು ಮಾಡಿಕೊಂಡ ಕಟ್ಟಳೆಯಿಂದ, ಬಂದುದೆಂದು ನೈಯಾಯಿಕರು ಹೇಳುವರಷ್ಟೆ. ಈ ಅಕ್ಷರಗಳು ಅದಕ್ಕೆ ಒಳ್ಳೆಯ ನಿದರ್ಶನ. ಕಂಪನಿ ಬದಲಾದರೆ ಕಟ್ಟಳೆಯೂ ಬದಲಾಗುತ್ತದೆ.

ಕಟ್ಟಳೆಯ ಜೊತೆಗೆ ಸಂದರ್ಭವೂ ಬೇಕೆಂಬುದನ್ನು ನಮ್ಮ ಗಣಿಗಳ ಊರಿನವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಗಣಿಯ ಬಾವಿಯಲ್ಲಿ ಆಳುಗಳ ತೊಟ್ಟಿಲನ್ನು ಏರಿಸಿ ಇಳಿಸುವ ಯಂತ್ರದವನಿಗೆ ಸುದ್ದಿ ಮುಟ್ಟಿಸಲು ಗಂಟೆಯ ಬಡಿತಗಳೇ ಸಂಕೇತ. ಬ್ರಿಟಿಷರ ಕಾಲದಿಂದ ಗಣಿಗಳಲ್ಲಿ ರೂಢವಾದ ಕ್ರಮದಂತೆ, ತೊಟ್ಟಿಲು ನಿಂತಿರುವಾಗ ಒಂದು ಬಡಿತವಾದರೆ ಮೇಲಕ್ಕೆ ಎಳೆಯಬೇಕು. ಅದೇ ತೊಟ್ಟಿಲು ಚಲಿಸುತ್ತಿರುವಾಗ ಅದೇ ಒಂದು ಬಡಿತವಾದರೆ ಕೂಡಲೇ ನಿಲ್ಲಿಸಬೇಕು. ಶಬ್ದವು ಒಂದೇ, ಅದರ ಅರ್ಥವನ್ನು ನಿರ್ಣಯಿಸುವುದು ಆ ಕ್ಷಣದ ಅವಸ್ಥೆ. ಮೂರು ಸಾವಿರ ಮೀಟರಿಗೂ ಮಿಕ್ಕ ಆಳಕ್ಕೆ ಹೋಗಿದ್ದ ಚಾಂಪಿಯನ್ ರೀಫ್ ಗಣಿಯಂಥಲ್ಲಿ, ಕಿವಿಗೆ ಬಿದ್ದುದನ್ನು ಮಾತ್ರ ಹಿಡಿದು ಅವಸ್ಥೆಯನ್ನು ಮರೆಯುವವನ ಕೈಗೆ ಆ ಯಂತ್ರವನ್ನು ಯಾರು ತಾನೆ ಒಪ್ಪಿಸುತ್ತಿದ್ದರು? ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದುವು; ಆ ಎಚ್ಚರವು ಮಾತ್ರ ಊರಿನಲ್ಲಿ ಉಳಿದಿರಬೇಕಾದುದು.

೩

ಈಗ ಶಾಸ್ತ್ರದ ಕಡೆಗೆ ತಿರುಗೋಣ. ಗೌತಮರ ನ್ಯಾಯಸೂತ್ರದಲ್ಲಿ ಅನುಮಾನವನ್ನು ಮೂರು ವಿಧವಾಗಿ ವಿಭಾಗಿಸಿದೆ. ಅವುಗಳಲ್ಲಿ ಶೇಷವತ್ ಎಂಬುದು ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವುದು. ಭಾಷ್ಯಕಾರರಾದ ವಾತ್ಸ್ಯಾಯನರು ಇದಕ್ಕೆ ಕೊಟ್ಟ ಉದಾಹರಣೆ ನದಿಯದು: ತುಂಬಿ ಹರಿಯುವ ಹೊಳೆಯನ್ನು ಕಂಡವನು ಮೇಲುಗಡೆಯಲ್ಲಿ ಮಳೆಯಾಗಿದೆಯೆಂದು ತಿಳಿಯುತ್ತಾನೆ.

ಸೂತ್ರಕಾರರು ಇಷ್ಟಕ್ಕೆ ಬಿಡಲಿಲ್ಲ. ಎರಡನೆಯ ಅಧ್ಯಾಯದಲ್ಲಿ ತಾವೇ ಪೂರ್ವಪಕ್ಷವನ್ನು ಎತ್ತಿದ್ದಾರೆ. ಕೆಳಗಡೆ ಅಡ್ಡಗಟ್ಟಿದರೂ ಹೊಳೆಯ ನೀರು ಏರುತ್ತದೆ. ಆಗ ಮಳೆಯ ಊಹೆ ಸುಳ್ಳಾಗುವುದಿಲ್ಲವೆ? ಇರುವೆಗಳು ಮೊಟ್ಟೆಗಳನ್ನು ಹೊತ್ತು ಸಾಗಿದರೆ ಮಳೆ ಬರುವುದೆನ್ನುತ್ತಾರೆ. ಗೂಡಿಗೆ ಯಾರಾದರೂ ಪೆಟ್ಟು ಹಾಕಿದರೂ ಇರುವೆಗಳು ಹಾಗೆಯೇ ಸಾಗುವುವು. ಕೇಕೆಯನ್ನು ಕೇಳಿ ನವಿಲಿದೆಯೆನ್ನುತ್ತೇವೆ. ಮನುಷ್ಯನೂ ಆ ದನಿಯನ್ನು ಅನುಕರಿಸಬಲ್ಲನು. ಆದುದರಿಂದ ಅನುಮಾನವು ಪ್ರಮಾಣವೇ ಅಲ್ಲವೆಂದು ಆಕ್ಷೇಪ. ಇದಕ್ಕೆ ಸಮಾಧಾನವೇನೆಂದರೆ, ಬರಿಯ ನೀರಿನ ಏರಿಕೆಯು ಮಳೆಗೆ ಹೇತುವಲ್ಲ. ಸೆಳವು ಹೆಚ್ಚಿ, ನೊರೆ ಬಹಳವಾಗಿ, ಹಣ್ಣು ಎಲೆ ಕಟ್ಟಿಗೆಗಳು ತೇಲಿಬರುವ ಏರಿಕೆಯು ಮಾತ್ರ ಹೇತು. ಈ ವಿಶೇಷವನ್ನು ನೋಡದೆ ಸಾಮಾನ್ಯವಾದ ಏರಿಕೆಯಿಂದಲೇ ಮಳೆಯನ್ನು ಸಾಧಿಸಹೊರಟರೆ, ಆ ಅಪರಾಧವು ಅನುಮಾನ ಮಾಡಿದವನದೇ ಹೊರತು ಅನುಮಾನವೆಂಬ ಪ್ರಮಾಣದ್ದಲ್ಲವೆಂದು ಭಾಷ್ಯಕಾರರು ತೀರ್ಮಾನಿಸಿದ್ದಾರೆ. ಇಲ್ಲಿ ಅಪರಾಧವೆಂಬ ಮಾತು ಬಂದಿರುವುದು ಗಮನಾರ್ಹ. ಅವಸರದ ಊಹೆಯು ಅಜ್ಞಾನವೆಂದು ಕ್ಷಮಿಸತಕ್ಕುದಲ್ಲ, ಊಹಿಸುವವನೇ ಅದಕ್ಕೆ ಹೊಣೆಯೆಂಬುದು ಆ ಮಾತಿನಿಂದ ಹೊರಡುವ ಅಭಿಪ್ರಾಯವೆಂದು ನನಗೆ ತೋರುತ್ತದೆ.

ನದಿಯ ಉದಾಹರಣೆಯು ನಮ್ಮ ಯಂತ್ರಕ್ಕೆ ಅಕ್ಷರಶಃ ಹೊಂದುತ್ತದೆ. ತಳದ ತಟ್ಟೆಯಲ್ಲಿ ನೀರು ಏರಿದೆ ಎಂಬಷ್ಟನ್ನು ಸಂಕೇತವು ಹೇಳಿತು. ಒಳಗಿನ ಕೊಳವೆಯ ಬಂಧ ಸಡಿಲವಾಗಿ ನೀರು ಸೋರಿರಬಹುದು. ಬಾಗಿಲಿನ ರಬ್ಬರಿನ ಅಂಚು ಸವೆದಿರಬಹುದು. ಯಂತ್ರಕ್ಕೆಂದೇ ಮಾಡಿದ ಪುಡಿಯ ಬದಲಿಗೆ ಕೈಯಿಂದ ತೊಳೆಯುವ ಸಾಬೂನಿನ ದ್ರವವನ್ನು ಹಾಕಿದ್ದರಿಂದ ನೊರೆಯು ಉಕ್ಕಿ ಹೊರಬಿದ್ದಿರಬಹುದು. ಯಂತ್ರವನ್ನು ಸರಿಸುವಾಗ ಓರೆಮಾಡಿದುದರಿಂದಲೂ ನೀರು ಕೆಳಗಿಳಿದಿರಬಹುದು. ನಾಲ್ಕು ಕಾರಣಗಳಿಗೂ ಸಂಕೇತ ಒಂದೇ. ಇವುಗಳಲ್ಲಿ ಯಾವುದೆಂಬುದನ್ನು ಹೇಳಲು ವಿಶೇಷ ಲಕ್ಷಣಗಳನ್ನು ನೋಡಬೇಕು. ತಟ್ಟೆಯಲ್ಲಿ ನೊರೆಯಿದೆಯೆ? ಬಾಗಿಲಿನ ಅಂಚು ಒದ್ದೆಯಾಗಿದೆಯೆ? ಯಂತ್ರವನ್ನು ಯಾರಾದರೂ ಸರಿಸಿದ್ದರೆ?

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಮನುಷ್ಯರು ರಾಗದ್ವೇಷಗಳಿಂದ ಸುಳ್ಳು ಹೇಳುವರು. ಯಂತ್ರಕ್ಕೆ ರಾಗವೂ ಇಲ್ಲ, ದ್ವೇಷವೂ ಇಲ್ಲ. ಆದುದರಿಂದ ಅದರ ಮಾತು ಆಪ್ತವಾಕ್ಯಕ್ಕಿಂತಲೂ ಹೆಚ್ಚಿನ ಪ್ರಮಾಣವಲ್ಲವೆ? ಅಲ್ಲವೆಂದು ಹೇಳಬೇಕಾಗಿದೆ. ಆಪ್ತನೆಂದರೆ ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆ ಹೇಳಬೇಕೆಂಬ ಇಚ್ಛೆಯುಳ್ಳವನು ಎಂದು ವಾತ್ಸ್ಯಾಯನರು ವಿವರಿಸಿದ್ದಾರೆ. ಯಂತ್ರವು ಸಾಕ್ಷಾತ್ತಾಗಿ ಅರಿತಿರುವುದು ತನ್ನ ಇಂದ್ರಿಯದ ಅವಸ್ಥೆಯನ್ನು ಮಾತ್ರ. "ನಾನು ಇಷ್ಟು ನಿಮಿಷ ಕಾದೆನು, ನೀರು ಗುರುತಿಗೆ ಮುಟ್ಟಲಿಲ್ಲ" ಎಂಬುದು ಅದರ ಪೂರ್ಣ ಸಾಕ್ಷ್ಯ, ಮತ್ತು ಸಾಮಾನ್ಯವಾಗಿ ಅದು ಸತ್ಯವೇ. ಏತಕ್ಕೆ ಮುಟ್ಟಲಿಲ್ಲ, ಯಾರಿಂದ ಮುಟ್ಟಲಿಲ್ಲ ಎಂಬುದನ್ನು ಅದು ನೋಡಿಲ್ಲ. ಅವನ್ನು ಸೇರಿಸುವವರು ನಾವು. ಸೇರಿಸಿದ ಮೇಲೆ "ಯಂತ್ರವೇ ಹೇಳಿತು" ಎಂದು ನಮ್ಮ ಮಾತಿಗೆ ಅದರ ಮುದ್ರೆಯನ್ನು ಒತ್ತುವವರೂ ನಾವೇ. ಅಸತ್ಯವು ನುಸುಳುವ ಸಂದು ಇದು.

೪

ನಮ್ಮ ಊರಿನ ಒಂದು ಮನೆಯಲ್ಲಿ ನಡೆದ ಸಂಗತಿಯಿಂದ ಇದು ವಿಶದವಾಗುತ್ತದೆ. ಅಲ್ಲಿ ಯಂತ್ರವು ಎರಡು ದಿನ ಸರಿಯಾಗಿ ನಡೆದು ಮೂರನೆಯ ದಿನ ನಿಂತು, ನೀರು ಬರುತ್ತಿಲ್ಲವೆಂಬ ಸಂಕೇತವನ್ನು ತೋರಿಸಿತು. ಬೆಳಗ್ಗೆ ಕಸಗುಡಿಸಲು ಬರುವ ಹೆಂಗಸು ಆ ಮೂಲೆಯಲ್ಲಿ ನೆಲ ಒರೆಸಿ ಹೋಗಿದ್ದಳು. "ನೀನೇ ಆ ಕೊಳಾಯಿಯನ್ನು ಏನೋ ತಿರುಗಿಸಿದ್ದೀಯೆ" ಎಂದು ಮನೆಯಾಕೆ ಗದರಿಸಿದಳು. "ಇಲ್ಲಮ್ಮಾ, ನಾನು ಅದರ ಹತ್ತಿರ ಕೈಯೇ ಇಡಲಿಲ್ಲ" ಎಂದು ಅವಳು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಎರಡೂ ದಿನ ಯಂತ್ರ ನಡೆದಿತ್ತು, ಇವಳು ಬಂದುಹೋದ ಮೇಲೆ ನಿಂತಿತು ಎಂಬುದೇ ಯುಕ್ತಿ. ಮೊದಲಿನ ಎರಡು ದಿನಗಳೂ ಅವಳು ಬಂದು ಅದೇ ಮೂಲೆಯನ್ನು ಒರೆಸಿದ್ದಳೆಂಬುದನ್ನು ಯಾರೂ ಎಣಿಸಲಿಲ್ಲ. ನಾಳೆಯಿಂದ ಬೇರೊಬ್ಬಳನ್ನು ನೋಡಿಕೊಳ್ಳುವ ಮಾತೂ ಎದ್ದಿತು.

ಆ ಮನೆಯ ಹುಡುಗಿ, ಕಾಲೇಜಿನಲ್ಲಿ ಓದುವವಳು, ಯಂತ್ರದ ಜೊತೆಗೆ ಬಂದ ಪುಸ್ತಕವನ್ನು ತೆಗೆದು ಓದಿದಳು. ಕೊಳಾಯಿಯ ಹಿಡಿ ಪೂರ್ಣವಾಗಿ ತೆರೆದೇ ಇತ್ತು. ಅವಳು ಅದನ್ನು ಮುಚ್ಚಿ, ಕೊಳವೆಯನ್ನು ಯಂತ್ರದಿಂದ ಬಿಚ್ಚಿ, ಅದರ ಬಾಯನ್ನು ಬಕೆಟ್ಟಿಗೆ ಹಿಡಿದು, ಮತ್ತೆ ತೆರೆದು ನೋಡಿದಳು. ನೀರು ಎಳೆಯಾಗಿ ಬರುತ್ತಿತ್ತು. ಹಿಂದಿನ ರಾತ್ರಿ ಕರೆಂಟು ಹೋಗಿದ್ದರಿಂದ ಸಂಪಿನಿಂದ ಮೇಲಿನ ತೊಟ್ಟಿಗೆ ಯಾರೂ ನೀರು ಏರಿಸಿರಲಿಲ್ಲ. ತೊಟ್ಟಿಯ ತಳದಲ್ಲಿ ಒಂದು ಗೇಣು ನೀರು ಮಾತ್ರ ಉಳಿದಿತ್ತು. ಮೋಟಾರು ಹಾಕಿ ತೊಟ್ಟಿ ತುಂಬಿಸಿ, ಮತ್ತೆ ಬಕೆಟ್ಟಿಗೆ ಹಿಡಿದಾಗ ಧಾರೆ ಬಲವಾಗಿ ಬಂದಿತು. ಆದರೂ ಕೊಳವೆಯನ್ನು ಜೋಡಿಸಿದ ಮೇಲೆ ಯಂತ್ರವು ಮತ್ತೊಮ್ಮೆ ನಿಂತಿತು. ಆಗ ಅವಳು ಕೊಳವೆಯು ಯಂತ್ರವನ್ನು ಸೇರುವಲ್ಲಿರುವ ಬೆರಳಗಲದ ಜಾಲರಿಯನ್ನು ಇಕ್ಕುಳದಿಂದ ಎಳೆದು ನೋಡಿದಳು. ಟ್ಯಾಂಕರಿನ ನೀರಿನೊಡನೆ ಬಂದ ಸಣ್ಣ ಮರಳು ಅದರಲ್ಲಿ ಮೆತ್ತಿಕೊಂಡಿತ್ತು. ತೊಳೆದು ಹಾಕಿದಳು, ಯಂತ್ರವು ನಡೆಯಿತು. ಬೇಕಾದುದು ಒಂದು ಬಕೆಟ್ಟು, ಒಂದು ಇಕ್ಕುಳ, ಅರ್ಧ ಗಂಟೆಯ ತಾಳ್ಮೆ.

ಅನ್ವಯವ್ಯತಿರೇಕವೆಂದು ಶಾಸ್ತ್ರದಲ್ಲಿ ಕರೆಯುವ ಪರೀಕ್ಷೆಯನ್ನೇ ಆ ಹುಡುಗಿಯು ಹೆಸರಿಲ್ಲದೆ ಮಾಡಿದಳು: ಇದಿದ್ದರೆ ಅದಿದೆಯೆ, ಇದನ್ನು ತೆಗೆದರೆ ಅದು ಹೋಗುತ್ತದೆಯೆ ಎಂದು ಒಂದೊಂದನ್ನೇ ಬೇರ್ಪಡಿಸಿ ನೋಡುವುದು. ವೈದ್ಯಶಾಸ್ತ್ರದಲ್ಲಿಯೂ ಇದೇ ಮಾರ್ಗ. ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದರಿಂದ ರೋಗವನ್ನು ತಿಳಿಯಬೇಕೆನ್ನುತ್ತಾರೆ. ಕಣ್ಣಿಗೆ ಕಾಣುವ ಲಕ್ಷಣವು ರೂಪ, ಐದರಲ್ಲಿ ಒಂದು ಮಾತ್ರ. ಗೂಢವಾದ ವ್ಯಾಧಿಯಲ್ಲಿ ಔಷಧವನ್ನೂ ಪಥ್ಯವನ್ನೂ ಕೊಟ್ಟು ಶಮನವಾಗುವುದೋ ಇಲ್ಲವೋ ನೋಡುವುದು ಉಪಶಯ. ಸಂಕೇತವು ರೂಪ, ಬಕೆಟ್ಟು ಉಪಶಯ. ಒಂದು ಕಾರ್ಯಕ್ಕೆ ಎರಡು ಕಾರಣಗಳು ಏಕಕಾಲದಲ್ಲಿರಬಹುದೆಂಬ ಪಾಠವೂ ಇಲ್ಲಿ ಸಿಕ್ಕಿತು. ತೊಟ್ಟಿಯು ಬರಿದಾದುದನ್ನು ಕಂಡೊಡನೆ ತೃಪ್ತಿಪಟ್ಟಿದ್ದರೆ ಜಾಲರಿಯ ಮರಳು ತಿಳಿಯುತ್ತಿರಲಿಲ್ಲ, ಎರಡನೆಯ ಸಲ ನಿಂತಾಗ ತಪ್ಪು ಪುನಃ ಆ ಹೆಂಗಸಿನ ತಲೆಗೇ ಬರುತ್ತಿತ್ತು.

೫

"ಇಷ್ಟೆಲ್ಲ ತರ್ಕಕ್ಕೆ ಸಂಸಾರಿಗಳಿಗೆ ಬಿಡುವೆಲ್ಲಿದೆ? ಒಂದು ಮಾತು ಗದರಿಸಿದರೆ ಏನು ಮುಳುಗಿತು?" ಎಂದು ಕೇಳುವವರುಂಟು. ಈ ಆಕ್ಷೇಪವು ಹಗುರವಾದುದಲ್ಲ, ಏಕೆಂದರೆ ಲೋಕವೆಲ್ಲ ಹೀಗೆಯೇ ನಡೆಯುತ್ತಿದೆ. ಆದರೆ ತೂಕಮಾಡಿ ನೋಡಬೇಕು. ಪರೀಕ್ಷೆಗೆ ತಗಲುವ ವೆಚ್ಚವು ಮನೆಯವರ ಅರ್ಧ ಗಂಟೆ. ಪರೀಕ್ಷಿಸದಿರುವುದರ ವೆಚ್ಚವನ್ನು ತೆರುವವಳು ಬೇರೊಬ್ಬಳು. ಕೈ ಸರಿಯಿಲ್ಲದವಳೆಂಬ ಹೆಸರು ಒಂದು ಮನೆಯಿಂದ ಹೊರಟರೆ ಬೀದಿಯ ನಾಲ್ಕು ಮನೆಗಳ ಕೆಲಸವೂ ಹೋಗುತ್ತದೆ. ತಪ್ಪಿನ ಫಲವು ಊಹಿಸುವವನ ತಲೆಗೆ ಬರದೆ ಮತ್ತೊಬ್ಬರ ಹೊಟ್ಟೆಗೆ ತಗಲುವಲ್ಲಿ ಊಹಿಸುವವನು ಹೆಚ್ಚಿನ ಎಚ್ಚರವನ್ನು ವಹಿಸಬೇಕಾದುದು ನ್ಯಾಯ.

ಇದು ದೊಡ್ಡ ವಿಷಯಗಳಲ್ಲಿ ಹೇಗೆ ಪರಿಣಮಿಸುತ್ತದೆಂಬುದಕ್ಕೆ ನಮ್ಮ ಊರೇ ಸಾಕ್ಷಿ. ಗಣಿಯಲ್ಲಿ ಬಂಡೆಯನ್ನು ಕೊರೆಯುವಾಗ ಏಳುವ ಸೂಕ್ಷ್ಮವಾದ ಶಿಲಾಧೂಳಿಯು ಶ್ವಾಸಕೋಶದಲ್ಲಿ ಸೇರಿ ಸಿಲಿಕೋಸಿಸ್ ಎಂಬ ವ್ಯಾಧಿಯನ್ನುಂಟುಮಾಡುತ್ತದೆ. ೧೯೪೦ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳ ಕೆಲಸಗಾರರನ್ನು ಪರೀಕ್ಷಿಸಿ ವೈದ್ಯರು ಬರೆದ ವರದಿಗಳು ಭಾರತದಲ್ಲಿ ಈ ವ್ಯಾಧಿಯನ್ನು ಕುರಿತ ಮೊದಲ ವರದಿಗಳಲ್ಲಿ ಸೇರಿವೆ. ಇದರ ಕೆಮ್ಮು, ಏದುಸಿರು, ಕೃಶತೆಗಳು ಕ್ಷಯರೋಗದ ಲಕ್ಷಣಗಳನ್ನು ಹೋಲುತ್ತವೆ. ಒಂದನ್ನು ಇನ್ನೊಂದೆಂದು ತಿಳಿಯುವುದು ಲೋಕದ ಎಲ್ಲ ಗಣಿಪ್ರದೇಶಗಳಲ್ಲಿಯೂ ನಡೆದಿದೆ, ಎರಡೂ ಒಬ್ಬನಲ್ಲಿಯೇ ಕೂಡಿರುವುದೂ ಉಂಟು. ಕೆಮ್ಮು ಎಂಬ ಸಂಕೇತವು ಒಂದೇ. ಅದನ್ನು ಕ್ಷಯವೆಂದು ಓದಿದರೆ ಕಾರಣವನ್ನು ಕೆಲಸಗಾರನ ಮನೆಯ ಇಕ್ಕಟ್ಟಿನಲ್ಲಿಯೂ ಅವನ ನಡತೆಯಲ್ಲಿಯೂ ಹುಡುಕುತ್ತಾರೆ. ಶಿಲಾಧೂಳಿಯ ವ್ಯಾಧಿಯೆಂದು ಓದಿದರೆ ಅದು ಅವನು ದುಡಿದ ಸ್ಥಳದ್ದಾಗುತ್ತದೆ, ಪರಿಹಾರವನ್ನು ಕೊಡಬೇಕಾದವರು ಯಾರೆಂಬ ಪ್ರಶ್ನೆ ಏಳುತ್ತದೆ. ಲಕ್ಷಣಕ್ಕೆ ಹೆಸರಿಡುವ ಕ್ಷಣದಲ್ಲಿಯೇ ಹೊಣೆಯನ್ನು ಹಂಚಿದಂತಾಯಿತು. ಅಂಥಲ್ಲಿ ಅವಸರದಿಂದ ಹೆಸರಿಡುವವನು ಎಷ್ಟು ಜನರ ವಿಧವೆಯರಿಗೂ ಮಕ್ಕಳಿಗೂ ಉತ್ತರ ಹೇಳಬೇಕಾದೀತು!

ಮತ್ತೊಂದು ಆಕ್ಷೇಪವುಂಟು. ಕಾರಣದ ಹಿಂದೆ ಕಾರಣವನ್ನು ಹುಡುಕುತ್ತ ಹೋದರೆ ಅದಕ್ಕೆ ಕೊನೆಯೆಲ್ಲಿ? ಜಾಲರಿಯಲ್ಲಿ ಮರಳು, ಮರಳಿಗೆ ಟ್ಯಾಂಕರು, ಟ್ಯಾಂಕರಿಗೆ ಬತ್ತಿದ ಬಾವಿ, ಬಾವಿಗೆ ತಪ್ಪಿದ ಮಳೆ. ಹೀಗಾದರೆ ಅನವಸ್ಥೆ ಬರುತ್ತದೆ, ಯಾರಿಗೂ ಹೊಣೆಯಿಲ್ಲವಾಗುತ್ತದೆ ಎನ್ನುವರು. ಹಾಗಲ್ಲ. ಕಾರಣವೆಂಬುದೂ ಅಪರಾಧವೆಂಬುದೂ ಒಂದೇ ಅಲ್ಲ. ಯಾವುದರಿಂದ ಕೆಟ್ಟಿತೋ ಅದು ಕಾರಣ. ಕೆಡುವುದೆಂದು ತಿಳಿದೂ, ತಡೆಯುವ ಶಕ್ತಿಯಿದ್ದೂ, ತಡೆಯದಿದ್ದವನಲ್ಲಿ ಅಪರಾಧ. ಮರಳಿಗೆ ತಿಳಿವಿಲ್ಲ, ಕೆಲಸದ ಹೆಂಗಸಿಗೆ ಆ ಜಾಲರಿಯೊಂದಿದೆಯೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಆ ಮನೆಯಲ್ಲಿ ಅಪರಾಧಿಯೇ ಇರಲಿಲ್ಲ, ತೊಳೆಯಬೇಕಾದ ಒಂದು ಜಾಲರಿ ಮಾತ್ರವಿತ್ತು. ಗಣಿಯ ಧೂಳಿಯ ವಿಷಯ ಬೇರೆ. ಅಲ್ಲಿ ತಿಳಿದವರಿದ್ದರು; ನೀರು ಚಿಮುಕಿಸಿ ಧೂಳನ್ನು ಅಡಗಿಸುವ, ಗಾಳಿಯಾಡಿಸುವ ಉಪಾಯಗಳೂ ತಿಳಿದಿದ್ದುವು. ಹುಡುಕಾಟವು ನಿಲ್ಲಬೇಕಾದ ಸ್ಥಳವನ್ನೂ ಇದೇ ಗೊತ್ತುಮಾಡುತ್ತದೆ. ನಮ್ಮ ಕೈಯಿಂದ ಸರಿಪಡಿಸಬಹುದಾದ ಕಾರಣ ಸಿಕ್ಕಿದಾಗ ಕೈಹಚ್ಚಿ ಸರಿಪಡಿಸಬೇಕು. ತಿಳಿವೂ ಶಕ್ತಿಯೂ ಕೂಡಿದ್ದವರು ಸಿಕ್ಕಿದಾಗ ಮಾತ್ರ ದೋಷವನ್ನು ಹೇಳಬೇಕು.

೬

ಇದಕ್ಕೆ ವಿರುದ್ಧವಾದ ತಪ್ಪೊಂದಿದೆ. ಅದನ್ನೂ ಹೇಳದಿದ್ದರೆ ವಿಚಾರ ಪೂರ್ಣವಾಗದು. ಸಂಕೇತವು ಕಂಡೊಡನೆ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕಿದರೆ ಎಷ್ಟೋ ವೇಳೆ ಅಕ್ಷರಗಳು ಮಾಯವಾಗುತ್ತವೆ, ಯಂತ್ರವೂ ಸ್ವಲ್ಪ ಹೊತ್ತು ನಡೆಯುತ್ತದೆ. ಕ್ಷಣಿಕವಾದ ವಿದ್ಯುತ್ತಿನ ಏರಿಳಿತದಿಂದ ಸಂಕೇತ ಬಂದಿದ್ದರೆ ಇಷ್ಟೇ ಸಾಕು. ಪುಸ್ತಕಗಳೂ ಮೊದಲು ಹೀಗೆ ಮಾಡಿ ನೋಡಿರೆನ್ನುತ್ತವೆ. ಆದರೆ ಪುನಃ ಪುನಃ ಬರುವ ಸಂಕೇತವನ್ನು ಪುನಃ ಪುನಃ ಆರಿಸುವವರುಂಟು. ತಳದಲ್ಲಿ ನೀರು ನಿಂತಿರುವಾಗ ಹೀಗೆ ಮಾಡುವುದು ಅಪಾಯ, ಅಲ್ಲಿ ವಿದ್ಯುತ್ತಿನ ತಂತಿಗಳಿವೆ. ಅಂಥ ವೇಳೆಯಲ್ಲಿ ಮೊದಲು ವಿದ್ಯುತ್ತನ್ನೂ ಕೊಳಾಯಿಯನ್ನೂ ನಿಲ್ಲಿಸಿ, ತಿಳಿದವರನ್ನು ಕರೆಯಬೇಕು.

ಅನ್ಯಾಯವಾಗಿ ತಪ್ಪು ಹೊರಿಸುವವನೂ ಸಂಕೇತವನ್ನು ಆರಿಸಿಬಿಡುವವನೂ ಬೇರೆ ಬೇರೆ ಸ್ವಭಾವದವರೆಂದು ತೋರಬಹುದು. ಒಬ್ಬನು ಉಗ್ರ, ಮತ್ತೊಬ್ಬನು ಉದಾಸೀನ. ಆದರೆ ಇಬ್ಬರೂ ತಪ್ಪಿಸಿಕೊಂಡಿರುವುದು ಒಂದೇ ಕರ್ತವ್ಯವನ್ನು: ಕುಳಿತು, ಬಗ್ಗಿ, ಕೈ ಒದ್ದೆಮಾಡಿಕೊಂಡು ನೋಡುವುದನ್ನು. ಮಗು ಶಾಲೆಗೆ ಹೋಗಲಾರೆನೆಂದು ಅತ್ತರೆ ಹೊಡೆಯುವ ತಂದೆಯೂ ಮಿಠಾಯಿ ಕೊಟ್ಟು ಬಾಯಿ ಮುಚ್ಚಿಸುವ ತಂದೆಯೂ ಅಳುವಿನ ಕಾರಣವನ್ನು ಕೇಳಲಿಲ್ಲವೆಂಬ ವಿಷಯದಲ್ಲಿ ಸಮಾನರೇ. ಬಾವಿಯ ನೀರು ಕೆಟ್ಟಿದೆಯೆಂದು ಮೊದಲು ಹೇಳಿದವನನ್ನು ಗದರಿಸುವ ಊರು, ಕೇಳಿಯೂ ಕೇಳದಂತಿರುವ ಊರು, ಎರಡೂ ಕೊನೆಗೆ ಅದೇ ನೀರನ್ನು ಕುಡಿಯುತ್ತವೆ.

ಆದುದರಿಂದ ಸಿದ್ಧಾಂತವಿಷ್ಟು. ದೋಷಸಂಕೇತವು ದೋಷವು ಪ್ರಕಟವಾದ ಸ್ಥಾನವನ್ನು ತಿಳಿಸುತ್ತದೆ. ಅಷ್ಟರ ಮಟ್ಟಿಗೆ ಅದನ್ನು ನಂಬಬೇಕು, ಆರಿಸಿಬಿಡಬಾರದು. ದೋಷವು ಹುಟ್ಟಿದ ಸ್ಥಾನವನ್ನು ಅದು ತಿಳಿಸುವುದಿಲ್ಲ. ಅದನ್ನು ಪರೀಕ್ಷೆಯಿಂದ ತಿಳಿಯಬೇಕು. ದೋಷಿಯನ್ನಂತೂ ಅದು ಎಂದಿಗೂ ತಿಳಿಸುವುದಿಲ್ಲ; ಪರೀಕ್ಷೆ ಮುಗಿದ ಮೇಲೆಯೂ ತಿಳಿವು ಶಕ್ತಿಗಳೆರಡನ್ನೂ ವಿಚಾರಿಸಿ, ನಿಧಾನವಾಗಿ ನಿರ್ಣಯಿಸಬೇಕು, ಅನೇಕ ವೇಳೆ ದೋಷಿಯೇ ಇಲ್ಲವೆಂದು ಕಾಣಬರುತ್ತದೆ. ಈ ಮೂರು ಮೆಟ್ಟಿಲುಗಳನ್ನು ಒಂದೇ ನೆಗೆತಕ್ಕೆ ಹಾರುವುದು ನಮ್ಮೆಲ್ಲರಿಗೂ ಸುಲಭವಾದ ಅಭ್ಯಾಸ. ಮನೆಯಲ್ಲಿ ಹೊಸ ಯಂತ್ರವನ್ನಿಟ್ಟವರು ಅದರ ಜಾಲರಿ ಎಲ್ಲಿದೆಯೆಂಬುದನ್ನು ಮೊದಲ ದಿನವೇ ತಾವೂ ನೋಡಿಕೊಂಡು, ಕೆಲಸಕ್ಕೆ ಬರುವವರಿಗೂ ತೋರಿಸಿಕೊಟ್ಟರೆ ಒಳ್ಳೆಯದು.